ಗಿಟಾರ್ ಗುಡುಗಿದಾಗ ಗಾಯಕನ ದನಿ ಎಲ್ಲಿ ಹೋಗುತ್ತದೆ?

ಬೆಂಗಳೂರು: ಕಾಲೇಜು ಉತ್ಸವದ ವೇದಿಕೆ. ಡ್ರಮ್ಸ್ ಮೊಳಗುತ್ತಿದೆ, ಎಲೆಕ್ಟ್ರಿಕ್ ಗಿಟಾರ್ ಗುಡುಗುತ್ತಿದೆ. ಗಾಯಕ ಕಣ್ಮುಚ್ಚಿ ಹಾಡುತ್ತಿರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಕೇಳುವುದಿಲ್ಲ! ಮುಂದಿನ ಸಾಲಿನವರು ಕಿವಿಗೆ ಬೆರಳಿಟ್ಟುಕೊಂಡಿದ್ದಾರೆ. ಹಿಂದಿನ ಸಾಲಿನವರಿಗೆ ಹಾಡಿನ ಒಂದಕ್ಷರವೂ ತಿಳಿಯುತ್ತಿಲ್ಲ. ‘ಮೈಕ್‌ಸೆಟ್ ಸರಿಯಿಲ್ಲ’ ಎಂಬ ಗೊಣಗಾಟ ಸಭಾಂಗಣದ ತುಂಬ ಹರಡುತ್ತದೆ.

ರಾಜ್ಯದ ಯಾವ ನಗರದಲ್ಲಾದರೂ ನಡೆಯಬಹುದಾದ ಈ ದೃಶ್ಯದಲ್ಲಿ ಹಲವು ಬಾರಿ ಮೈಕ್‌ಸೆಟ್‌ನವರ ತಪ್ಪು ಇರುವುದೇ ಇಲ್ಲ. ಗಿಟಾರ್ ವಾದಕನ ಬೆನ್ನ ಹಿಂದಿರುವ ಆಂಪ್ಲಿಫೈಯರ್ ಪೆಟ್ಟಿಗೆ, ಅದರ ಮುಂದೆ ನಿಲ್ಲಿಸಿದ ಗೇಣುದ್ದದ ಮೈಕ್ ಮತ್ತು ಇವೆರಡನ್ನೂ ಮಿಕ್ಸರ್ ಮುಂದೆ ಕುಳಿತು ತೂಗಿಸುವ ಧ್ವನಿ ತಂತ್ರಜ್ಞನ ಕೈ, ಈ ಮೂರರ ನಡುವಿನ ಹೊಂದಾಣಿಕೆ ತಪ್ಪಿದಾಗ ಇಡೀ ಕಾರ್ಯಕ್ರಮವೇ ಕೆಡುತ್ತದೆ. ಹೊಂದಾಣಿಕೆ ಕೂಡಿ ಬಂದಾಗ ಅದರ ಹಿಂದಿನ ಶ್ರಮ ಯಾರ ಗಮನಕ್ಕೂ ಬರುವುದಿಲ್ಲ.

ಪೆಟ್ಟಿಗೆಯೂ ವಾದ್ಯದ ಭಾಗ

ಎಲೆಕ್ಟ್ರಿಕ್ ಗಿಟಾರಿಗೆ ವೀಣೆಗಿರುವಂಥ ಬುರುಡೆಯಿಲ್ಲ. ತಂತಿ ಮಿಡಿದಾಗ ಅದರ ಕೆಳಗಿನ ಅಯಸ್ಕಾಂತದ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಹಾಗಿದ್ದರೆ ಗಿಟಾರಿನ ತಂತಿಯನ್ನು ನೇರವಾಗಿ ಮಿಕ್ಸರಿಗೇ ಜೋಡಿಸಿದರಾಗದೇ? ಮೈಕ್ ಏಕೆ ಬೇಕು?

ಉತ್ತರ ಸ್ಪೀಕರಿನಲ್ಲಿದೆ. ಗಿಟಾರ್ ಪೆಟ್ಟಿಗೆಯಲ್ಲಿರುವ 12 ಅಂಗುಲದ ಸ್ಪೀಕರ್, ಸೆಕೆಂಡಿಗೆ ಸುಮಾರು 5 ಸಾವಿರ ಕಂಪನಗಳಿಗಿಂತ, ಅಂದರೆ 5,000 ಹರ್ಟ್ಸ್‌ಗಿಂತ ಮೇಲಿನ ತಾರಧ್ವನಿಯನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆ. ಹಾಡು ಕೇಳುವ ಮನೆಯ ಸ್ಪೀಕರಿಗೆ ಇದು ದೋಷ. ಗಿಟಾರಿಗೆ ಇದೇ ಗುಣ. ರಾಕ್ ಸಂಗೀತದ ಒರಟಾದ, ಸೀಳಿದಂತಹ ಧ್ವನಿಯನ್ನು ಈ ಸೋಸುವಿಕೆ ಇಲ್ಲದೆ ನೇರವಾಗಿ ಕೇಳಿದರೆ ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಯ ಗುಂಯ್‌ಗುಟ್ಟುವಿಕೆಯಂತಿರುತ್ತದೆ. ಆದ್ದರಿಂದ ಪೆಟ್ಟಿಗೆಯಿಂದ ಹೊರಬಂದ ನಾದವನ್ನೇ ಮೈಕ್ ಮೂಲಕ ಹಿಡಿಯಬೇಕಾಗುತ್ತದೆ.

ಷೇ ಕ್ರೀಡಾಂಗಣದ ಪಾಠ

ಆರಂಭದಲ್ಲಿ ಈ ಪದ್ಧತಿ ಇರಲಿಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ ‘ಬೀಟಲ್ಸ್’ ತಂಡ ಸುಮಾರು 55 ಸಾವಿರ ಜನರ ಮುಂದೆ ಹಾಡಿತು. ವಾಕ್ಸ್ ಕಂಪನಿಯ 100 ವ್ಯಾಟಿನ ಆಂಪ್ಲಿಫೈಯರುಗಳು ವೇದಿಕೆಯ ಮೇಲಿದ್ದವು. ಗಾಯನಕ್ಕೆ ಕ್ರೀಡಾಂಗಣದ್ದೇ ಧ್ವನಿವರ್ಧಕ ವ್ಯವಸ್ಥೆ ನೆರವಿಗಿತ್ತು. ಅಭಿಮಾನಿಗಳ ಚೀತ್ಕಾರದಲ್ಲಿ ಸಂಗೀತ ಮುಳುಗಿಹೋಯಿತು. ತಾವೇನು ನುಡಿಸುತ್ತಿದ್ದೇವೆ ಎಂಬುದು ಕಲಾವಿದರಿಗೇ ಸರಿಯಾಗಿ ಕೇಳುತ್ತಿರಲಿಲ್ಲ.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿ ಇನ್ನೊಂದು ದಾರಿ ಹಿಡಿದಿತ್ತು. ‘ದಿ ಹೂ’ ತಂಡದ ಪೀಟ್ ಟೌನ್‌ಷೆಂಡ್ ಮೊದಲಾದವರ ಬೇಡಿಕೆಗೆ ಓಗೊಟ್ಟು 100 ವ್ಯಾಟಿನ ಆಂಪ್ಲಿಫೈಯರ್ ಮತ್ತು ತಲಾ ನಾಲ್ಕು ಸ್ಪೀಕರುಗಳ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವ ಕ್ರಮ ಅಲ್ಲಿ ರೂಪುಗೊಂಡಿತು. ಸಭಾಂಗಣವನ್ನು ಗಿಟಾರ್ ಪೆಟ್ಟಿಗೆಯೇ ತುಂಬಿಸಬೇಕಾಗಿದ್ದ ಕಾಲಕ್ಕೆ ಅದು ಸರಿಯಾದ ಪರಿಹಾರವಾಗಿತ್ತು. ಕ್ರಮೇಣ ಸಾರ್ವಜನಿಕ ಧ್ವನಿವರ್ಧಕಗಳು ಬಲಿಷ್ಠವಾದವು. ಗಿಟಾರಿನ ಮುಂದೆಯೂ ಮೈಕ್ ಬಂತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡುವ ಹೊತ್ತಿಗೆ, ಇಂಥ ಬಯಲುಗಳ ಕೊನೆಯಲ್ಲಿ ನಿಂತವರಿಗೆ ಗಿಟಾರನ್ನು ತಲುಪಿಸುವ ಹೊಣೆ ಜಗತ್ತಿನೆಲ್ಲೆಡೆ ವೇದಿಕೆಯ ಪಕ್ಕದ ಬೃಹತ್ ಧ್ವನಿವರ್ಧಕಗಳಿಗೆ ಸೇರಿತ್ತು.

ಆದರೆ ಹಳೆಯ ಅಭ್ಯಾಸ ಮಾತ್ರ ಹೋಗಲಿಲ್ಲ. ಇನ್ನೂರು ಜನ ಕೂರುವ ಸಭಾಂಗಣದಲ್ಲಿಯೂ ಕ್ರೀಡಾಂಗಣಕ್ಕೆಂದು ಹುಟ್ಟಿದ ಪೆಟ್ಟಿಗೆಯನ್ನು ಇಟ್ಟು ಗುಂಡಿಯನ್ನು ಪೂರ್ತಿ ತಿರುಗಿಸುವವರಿದ್ದಾರೆ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ಮೊಣಕಾಲಿಗೆ ಕಿವಿಯಿಲ್ಲ

ವಾದಕ ತನ್ನ ಪೆಟ್ಟಿಗೆಯ ಧ್ವನಿಯನ್ನು ಪದೇ ಪದೇ ಏರಿಸುವುದಕ್ಕೆ ಅಹಂಕಾರವೇ ಕಾರಣವೆಂದು ಹಲವರು ಭಾವಿಸುತ್ತಾರೆ. ಬಹಳ ಸಲ ಅದು ಭೌತಶಾಸ್ತ್ರದ ಕಾರಣ.

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 12 ಅಂಗುಲದ ಸ್ಪೀಕರಿನ ಅಗಲ ಸುಮಾರು 30 ಸೆಂಟಿಮೀಟರ್. ಈ ಅಗಲಕ್ಕೆ ಸಮನಾದ ತರಂಗಾಂತರ ಇರುವುದು 1,100 ಹರ್ಟ್ಸ್ ಆಸುಪಾಸಿನ ಧ್ವನಿಗೆ. ಅದಕ್ಕಿಂತ ಮೇಲಿನ ಸ್ವರಗಳು ಎಲ್ಲ ದಿಕ್ಕಿಗೂ ಹರಡದೆ ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಸಾಗುತ್ತವೆ. ಪೆಟ್ಟಿಗೆ ನೆಲದ ಮೇಲಿದ್ದು ವಾದಕ ಅದರ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಿಂತರೆ, ತೀಕ್ಷ್ಣ ಧ್ವನಿಯೆಲ್ಲ ಅವನ ಮೊಣಕಾಲಿಗೆ ತಾಗಿ ಸಭಿಕರತ್ತ ಸಾಗುತ್ತದೆ. ಅವನ ಕಿವಿಗೆ ಮಂದ್ರದ ಗುಡುಗುಡು ಮಾತ್ರ ತಲುಪುತ್ತದೆ. ‘ಧ್ವನಿ ಮಂಕಾಗಿದೆ’ ಎಂದು ಅವನು ತಾರಧ್ವನಿಯ ಗುಂಡಿಯನ್ನು ಏರಿಸುತ್ತಾನೆ. ನೇರ ಎದುರಿನ ಮೂರನೆಯ ಸಾಲಿನಲ್ಲಿ ಕುಳಿತವರ ಕಿವಿಗೆ ಅದು ಸೂಜಿಯಂತೆ ಚುಚ್ಚುತ್ತದೆ.

ಪರಿಹಾರ ಅತಿ ಸರಳ. ಪೆಟ್ಟಿಗೆಯನ್ನು ಗಟ್ಟಿಯಾದ ಕುರ್ಚಿಯ ಮೇಲಿಡಬೇಕು, ಇಲ್ಲವೇ ವಾದಕನ ಮುಖದತ್ತ ಓರೆಯಾಗಿ ನಿಲ್ಲಿಸಬೇಕು. ವೇದಿಕೆಯ ಅಂಚಿನಲ್ಲಿ ಅಡ್ಡಕ್ಕೆ ತಿರುಗಿಸಿಟ್ಟರೂ ಸಭಿಕರ ಮೇಲಿನ ನೇರ ದಾಳಿ ತಪ್ಪುತ್ತದೆ. ಕಾಸು ಖರ್ಚಿಲ್ಲದ ಈ ಒಂದು ಬದಲಾವಣೆಯಿಂದ ವಾದಕ ತಾನಾಗಿಯೇ ಗುಂಡಿಯನ್ನು ಇಳಿಸುತ್ತಾನೆ.

ವ್ಯಾಟುಗಳ ಲೆಕ್ಕವೂ ಮೋಸಗೊಳಿಸುವಂಥದ್ದು. 100 ವ್ಯಾಟಿನ ಆಂಪ್ಲಿಫೈಯರಿಗೆ ಬದಲು 50 ವ್ಯಾಟಿನದನ್ನು ತಂದರೆ ಧ್ವನಿ ಅರ್ಧಕ್ಕಿಳಿಯುವುದಿಲ್ಲ. ಕೇವಲ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಕಿವಿಗೆ ಅರ್ಧದಷ್ಟು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ 10 ವ್ಯಾಟಿಗೆ ಬರಬೇಕು. ಮೈಕ್ ಮತ್ತು ದೊಡ್ಡ ಧ್ವನಿವರ್ಧಕ ಜತೆಗಿರುವಾಗ ಚಿಕ್ಕ ಪೆಟ್ಟಿಗೆಯೇ ಬಹುತೇಕ ಸಭಾಂಗಣಗಳಿಗೆ ಸಾಕಾಗುವುದು ಇದೇ ಕಾರಣದಿಂದ.

ಯಾವ ಮೈಕ್?

ಗಿಟಾರ್ ಪೆಟ್ಟಿಗೆಯ ಮುಂದೆ ಜಗತ್ತಿನಾದ್ಯಂತ ಅತಿ ಹೆಚ್ಚಾಗಿ ಕಾಣಸಿಗುವ ಮೈಕ್ ಅಮೆರಿಕದ ಷೂರ್ ಕಂಪನಿಯ ಎಸ್‌ಎಂ57. ಅದು ಮಾರುಕಟ್ಟೆಗೆ ಬಂದದ್ದು 1965ರಲ್ಲಿ, ಅಂದರೆ ಬೀಟಲ್ಸ್ ಷೇ ಕ್ರೀಡಾಂಗಣದಲ್ಲಿ ಹಾಡಿದ ವರ್ಷವೇ. ಅರವತ್ತು ವರ್ಷ ಕಳೆದರೂ ಅದರ ಸ್ಥಾನ ಅಲುಗಿಲ್ಲ. ಇದು ‘ಡೈನಮಿಕ್’ ಜಾತಿಯ ಮೈಕ್. ಒಳಗೆ ಅಯಸ್ಕಾಂತದ ನಡುವೆ ಅಲುಗಾಡುವ ಪುಟ್ಟ ತಂತಿ ಸುರುಳಿ ಬಿಟ್ಟರೆ ನಾಜೂಕಾದದ್ದು ಹೆಚ್ಚೇನೂ ಇಲ್ಲ. ಎಷ್ಟೇ ಅಬ್ಬರವಿದ್ದರೂ ತಡೆದುಕೊಳ್ಳುತ್ತದೆ, ಕೈತಪ್ಪಿ ಬಿದ್ದರೂ ಸಾಮಾನ್ಯವಾಗಿ ಕೆಡುವುದಿಲ್ಲ. ಮುಂದಿನಿಂದ ಬರುವ ಶಬ್ದವನ್ನು ಹಿಡಿದು ಹಿಂದಿನದನ್ನು ಬಹುಮಟ್ಟಿಗೆ ಬಿಡುವುದರಿಂದ ಪಕ್ಕದ ಡ್ರಮ್ಸ್ ಸದ್ದು ಅಷ್ಟಾಗಿ ನುಸುಳುವುದಿಲ್ಲ. 6,000 ಹರ್ಟ್ಸ್ ಆಸುಪಾಸಿನಲ್ಲಿ ಅದರ ಸ್ಪಂದನ ತುಸು ಏರುವುದರಿಂದ ಗಿಟಾರಿಗೆ ಸ್ಪಷ್ಟವಾದ ಅಂಚು ಸಿಗುತ್ತದೆ.

ಜರ್ಮನಿಯ ಸೆನ್‌ಹೈಸರ್ ಕಂಪನಿಯ ಇ609 ಚಪ್ಪಟೆಯಾಗಿದ್ದು ಸ್ಟ್ಯಾಂಡ್ ಇಲ್ಲದೆಯೂ ಪೆಟ್ಟಿಗೆಯ ಮುಂದೆ ತೂಗುಹಾಕಬಹುದು. ಜಾಗ ಕಡಿಮೆಯಿರುವ ವೇದಿಕೆಗೆ ಅನುಕೂಲ. ಅದೇ ಕಂಪನಿಯ ಎಂಡಿ 421 ಮೈಕಿಗೂ ಹಳೆಯ ಅಭಿಮಾನಿಗಳಿದ್ದಾರೆ. ತೆಳು ಲೋಹದ ಪಟ್ಟಿ ಬಳಸುವ ‘ರಿಬ್ಬನ್’ ಮೈಕುಗಳು ಮೃದುವಾದ ಧ್ವನಿ ಕೊಡುತ್ತವೆ. ಆದರೆ ಅವು ಬೆಲೆಯಲ್ಲಿ ದುಬಾರಿ, ಸ್ವಭಾವದಲ್ಲಿ ನಾಜೂಕು. ಮಿಕ್ಸರಿನಿಂದ ಕೆಲವು ಮೈಕುಗಳಿಗೆ ಕಳುಹಿಸುವ 48 ವೋಲ್ಟ್ ವಿದ್ಯುತ್ತು ದೋಷಪೂರಿತ ಕೇಬಲ್ ಮೂಲಕ ಹರಿದರೆ ರಿಬ್ಬನ್ ಹಾಳಾಗುವ ಸಂಭವವುಂಟು.

ಒಂದು ಅಂಗುಲದ ಮಹಿಮೆ

ಮೈಕ್ ಯಾವುದು ಎಂಬುದಕ್ಕಿಂತಲೂ ಅದನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬುದು ಹೆಚ್ಚು ಮುಖ್ಯ. ಮುಂಭಾಗದ ಬಟ್ಟೆಯ ಹಿಂದೆ ಸ್ಪೀಕರ್ ಎಲ್ಲಿದೆಯೆಂಬುದು ಬರಿಗಣ್ಣಿಗೆ ತಿಳಿಯದು. ಅನುಭವಿ ತಂತ್ರಜ್ಞರು ಟಾರ್ಚ್ ಹಾಕಿ ನೋಡಿ, ಮೊದಲು ಅದರ ನಡುಬಿಂದುವನ್ನು ಗುರುತಿಸಿಕೊಳ್ಳುತ್ತಾರೆ.

ಸ್ಪೀಕರಿನ ನಟ್ಟನಡುವೆ ಇರುವ ದುಂಡನೆಯ ಟೊಪ್ಪಿಗೆಯ ಎದುರು ಮೈಕ್ ಇಟ್ಟರೆ ಧ್ವನಿ ಅತಿ ತೀಕ್ಷ್ಣವಾಗಿರುತ್ತದೆ. ಅಂಚಿನತ್ತ ಸರಿದಂತೆಲ್ಲ ಧ್ವನಿ ಮೃದುವಾಗಿ, ಕೊನೆಗೆ ಮಂಕಾಗುತ್ತದೆ. ಟೊಪ್ಪಿಗೆಯೂ ಕಾಗದದ ಶಂಕುವೂ ಸೇರುವ ಗೆರೆಯ ಎದುರು, ಬಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಇಡುವುದು ಆರಂಭಕ್ಕೆ ಉತ್ತಮ ಸ್ಥಾನ. ಅಲ್ಲಿಂದ ಒಂದಂಗುಲ ಅತ್ತಿತ್ತ ಸರಿಸಿದರೂ ಧ್ವನಿ ಬದಲಾಗುವುದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಮಿಕ್ಸರಿನಲ್ಲಿ ಹತ್ತು ಗುಂಡಿ ತಿರುಗಿಸಿ ಪಡೆಯಬೇಕಾದ್ದು ಎಷ್ಟೋ ಸಲ ಇಲ್ಲಿಯೇ ದೊರೆಯುತ್ತದೆ.

ಈ ಬಗೆಯ ಮೈಕುಗಳಿಗೆ ಇನ್ನೊಂದು ಗುಣವಿದೆ. ಶಬ್ದದ ಮೂಲಕ್ಕೆ ಹತ್ತಿರವಾದಷ್ಟೂ ಮಂದ್ರಧ್ವನಿ ಉಬ್ಬುತ್ತದೆ. ಬಟ್ಟೆಗೆ ತಾಗಿಸಿಟ್ಟರೆ ಗುಡುಗು ಹೆಚ್ಚು. ದೂರ ಸರಿಸಿದರೆ ಧ್ವನಿ ತೆಳುವಾಗುವುದಲ್ಲದೆ ಪಕ್ಕದ ವಾದ್ಯಗಳೂ ಸೇರಿಕೊಳ್ಳುತ್ತವೆ. ನಾಲ್ಕು ಸ್ಪೀಕರುಗಳ ಪೆಟ್ಟಿಗೆಯಾದರೆ ನಾಲ್ಕೂ ಒಂದೇ ರೀತಿ ನುಡಿಯುತ್ತವೆಂದು ನಂಬುವಂತಿಲ್ಲ. ಒಂದೊಂದನ್ನೂ ಕೇಳಿ, ಚೆನ್ನಾಗಿರುವುದನ್ನು ಆರಿಸಿ, ಸ್ಥಾನ ನಿಶ್ಚಯವಾದ ಮೇಲೆ ಬಟ್ಟೆಯ ಮೇಲೂ ನೆಲದ ಮೇಲೂ ಟೇಪಿನಿಂದ ಗುರುತು ಹಾಕುವುದು ಜಾಣತನ. ಕತ್ತಲಲ್ಲಿ ಯಾರಾದರೂ ಸ್ಟ್ಯಾಂಡ್ ಎಡವಿದರೆ ಮತ್ತೆ ಅದೇ ಜಾಗಕ್ಕೆ ತರಬಹುದು.

ಎರಡು ಮೈಕ್, ಅರ್ಧ ಧ್ವನಿ

ಒಂದು ಮೈಕ್ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದಲ್ಲವೇ? ಯಾವಾಗಲೂ ಅಲ್ಲ. ಒಂದು ಮೈಕ್ ಸ್ಪೀಕರಿನಿಂದ 2 ಸೆಂಟಿಮೀಟರ್ ದೂರದಲ್ಲಿ, ಇನ್ನೊಂದು 19 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅಂತರ 17 ಸೆಂಟಿಮೀಟರ್. 1,000 ಹರ್ಟ್ಸ್ ಧ್ವನಿಯ ತರಂಗಾಂತರ ಸುಮಾರು 34 ಸೆಂಟಿಮೀಟರ್. ಅದರ ಅರ್ಧವೇ ಈ 17. ಮೊದಲ ಮೈಕಿನಲ್ಲಿ ಅಲೆ ಏರುತ್ತಿರುವಾಗ ಎರಡನೆಯದರಲ್ಲಿ ಇಳಿಯುತ್ತಿರುತ್ತದೆ. ಎರಡನ್ನೂ ಸಮವಾಗಿ ಕೂಡಿಸಿದರೆ ಆ ಸ್ವರ ಒಂದನ್ನೊಂದು ತಿಂದುಹಾಕುತ್ತದೆ. 3,000, 5,000 ಹರ್ಟ್ಸ್‌ನಲ್ಲಿಯೂ ಇದೇ ಕಥೆ. ಗಿಟಾರಿನ ಜೀವಾಳವೇ ಈ ಪ್ರದೇಶದಲ್ಲಿರುವುದರಿಂದ ಫಲಿತಾಂಶ ಟೊಳ್ಳು ಟೊಳ್ಳು.

ಆದ್ದರಿಂದ ಎರಡು ಮೈಕ್ ಬಳಸುವವರು ಎರಡರ ಮೂತಿಯನ್ನೂ ಒಂದೇ ಗೆರೆಯಲ್ಲಿ ಜೋಡಿಸುತ್ತಾರೆ. ಬಳಿಕ ಮಿಕ್ಸರಿನಲ್ಲಿ ಒಂದರ ಧ್ರುವವನ್ನು ಅದಲುಬದಲು ಮಾಡುವ ಗುಂಡಿ ಒತ್ತಿ, ಯಾವ ಸ್ಥಿತಿಯಲ್ಲಿ ಧ್ವನಿ ತುಂಬಿಕೊಂಡು ಬರುತ್ತದೆಯೋ ಅದನ್ನು ಉಳಿಸಿಕೊಳ್ಳುತ್ತಾರೆ. ಸಿದ್ಧತೆಗೆ ಹತ್ತೇ ನಿಮಿಷ ಸಿಗುವ ಕಾರ್ಯಕ್ರಮಗಳಿಗೆ ಸರಿಯಾದ ಜಾಗದಲ್ಲಿಟ್ಟ ಒಂದೇ ಮೈಕ್ ಲೇಸು.

ಮಿಕ್ಸರ್ ಮುಂದೆ

ಮೈಕಿನ ಸಂಕೇತ ಮಿಕ್ಸರಿಗೆ ಬಂದ ಮೇಲೆ ಮೊದಲ ಕೆಲಸ ಅದರ ಮಟ್ಟ ನಿಗದಿಪಡಿಸುವುದು. ವಾದಕ ತನ್ನ ಅತಿ ಜೋರಾದ ಭಾಗವನ್ನು ನುಡಿಸುವಾಗಲೇ ಇದನ್ನು ಮಾಡಬೇಕು. ಮೆಲುವಾದ ಭಾಗಕ್ಕೆ ಹೊಂದಿಸಿದರೆ ನಿಜವಾದ ಅಬ್ಬರ ಬಂದಾಗ ಮಿಕ್ಸರ್ ಒಳಗೇ ಧ್ವನಿ ಒಡೆಯುತ್ತದೆ.

ಎರಡನೆಯದು, ಬೇಡದ ಮಂದ್ರವನ್ನು ಕತ್ತರಿಸುವುದು. ಗಿಟಾರಿನ ಅತಿ ಕೆಳಗಿನ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಸ್. 80ರಿಂದ 100 ಹರ್ಟ್ಸ್‌ಗಿಂತ ಕೆಳಗೆ ಆ ಮೈಕಿಗೆ ಬರುವುದು ಬಹುಪಾಲು ವೇದಿಕೆಯ ಅದುರಾಟ ಮತ್ತು ಪಕ್ಕದವರ ಸದ್ದು. ಆ ಜಾಗ ಬೇಸ್ ಗಿಟಾರ್ ಹಾಗೂ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್‌ಗೆ ಸೇರಿದ್ದು. ಅವಕ್ಕೆ ಬಿಟ್ಟುಕೊಟ್ಟರೆ ಮೂರೂ ವಾದ್ಯಗಳು ಸ್ಪಷ್ಟವಾಗುತ್ತವೆ.

ಮೂರನೆಯದೇ ಗಾಯಕನನ್ನು ಬದುಕಿಸುವ ಕೆಲಸ. 200ರಿಂದ 400 ಹರ್ಟ್ಸ್ ನಡುವೆ ಧ್ವನಿ ರಾಡಿಯಾಗಿದ್ದರೆ ಸ್ವಲ್ಪ ತಗ್ಗಿಸಬೇಕು. ಮಾತಿನ ವ್ಯಂಜನಗಳು ಸ್ಪಷ್ಟವಾಗುವ 2,000ದಿಂದ 4,000 ಹರ್ಟ್ಸ್ ಪ್ರದೇಶದಲ್ಲಿಯೇ ಗಿಟಾರಿನ ತೀಕ್ಷ್ಣತೆಯೂ ಇದೆ. ಒಂದೇ ಕುರ್ಚಿಗೆ ಇಬ್ಬರ ಪೈಪೋಟಿ! ಅಲ್ಲಿ ಗಿಟಾರನ್ನು ಎರಡು ಮೂರು ಡೆಸಿಬೆಲ್ ಇಳಿಸಿದರೆ, ಗಾಯನವನ್ನು ಏರಿಸದೆಯೇ ಸಾಹಿತ್ಯ ಮೇಲೆದ್ದು ಬರುತ್ತದೆ. ಗಿಟಾರ್ ಮಾತ್ರ ಕೇಳಿದಾಗ ಈ ತಿದ್ದುಪಡಿ ತೆಳುವೆನಿಸಬಹುದು. ಇಡೀ ತಂಡ ನುಡಿಸುವಾಗ ಹೇಗಿದೆ ಎಂಬುದೇ ಪ್ರಮಾಣ.

ಇನ್ನೊಂದು ಅಡಚಣೆ ಗಾಯಕನ ಮೈಕಿನಲ್ಲಿಯೇ ಇದೆ. ಅವನ ಬೆನ್ನ ಹಿಂದೆ ನೇರವಾಗಿ ಗಿಟಾರ್ ಪೆಟ್ಟಿಗೆಯಿದ್ದರೆ ಆ ಮೈಕ್ ಗಿಟಾರಿನದೂ ಆಗಿಬಿಡುತ್ತದೆ. ಹಾಡು ಕೇಳಿಸಲೆಂದು ಗಾಯನದ ಮಟ್ಟ ಏರಿಸಿದಂತೆಲ್ಲ ಗಿಟಾರೂ ಏರುತ್ತದೆ, ಕೊನೆಗೆ ಮೈಕ್ ಕಿರುಚುತ್ತದೆ. ಪೆಟ್ಟಿಗೆಯ ಜಾಗ ಬದಲಿಸದ ಹೊರತು ಇದಕ್ಕೆ ಮಿಕ್ಸರಿನಲ್ಲಿ ಮದ್ದಿಲ್ಲ.

ಚಿಕ್ಕ ಸಭಾಂಗಣದಲ್ಲಿ ಪೆಟ್ಟಿಗೆಯ ಧ್ವನಿ ಸಭಿಕರನ್ನು ನೇರವಾಗಿಯೂ ತಲುಪುತ್ತದೆ. ಆಗ ಧ್ವನಿವರ್ಧಕದಿಂದ ಗಿಟಾರನ್ನು ತುಸುವೇ ಸೇರಿಸಿದರೆ ಸಾಕು. ಪೆಟ್ಟಿಗೆಯ ನೇರದಲ್ಲಿಲ್ಲದ ಬದಿಯ ಸಾಲುಗಳಿಗೆ ಅದು ಮುಖ್ಯವಾಗಿ ಬೇಕು. ಮಿಕ್ಸರ್ ಇರುವ ಜಾಗದಿಂದ ಎದ್ದು ಸಭಾಂಗಣದಲ್ಲಿ ಒಂದು ಸುತ್ತು ನಡೆದು ಕೇಳದೆ ಇದು ತಿಳಿಯುವುದಿಲ್ಲ. ಖಾಲಿ ಸಭಾಂಗಣದಲ್ಲಿ ಹೊಂದಿಸಿದ್ದು ಜನ ತುಂಬಿದ ಮೇಲೆ ಬದಲಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಜನರ ಮೈ, ಬಟ್ಟೆಬರೆ ತಾರಧ್ವನಿಯನ್ನು ಹೀರಿಕೊಳ್ಳುತ್ತವೆ.

ಪ್ರಾಣದ ಪ್ರಶ್ನೆ

ಧ್ವನಿ ಕೆಟ್ಟರೆ ಒಂದು ಸಂಜೆ ಕೆಡುತ್ತದೆ. ವಿದ್ಯುತ್ ಜೋಡಣೆ ಕೆಟ್ಟರೆ ಜೀವವೇ ಹೋಗುತ್ತದೆ. 1972ರ ಮೇ 3ರಂದು ವೇಲ್ಸಿನ ಸ್ವಾನ್‌ಸಿಯಲ್ಲಿ ‘ಸ್ಟೋನ್ ದಿ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ವಿದ್ಯುತ್ ಆಘಾತದಿಂದ ಮೃತಪಟ್ಟರು. ಸರಿಯಾಗಿ ಭೂಸಂಪರ್ಕ ಮಾಡದ ಮೈಕನ್ನು ಅವರು ಮುಟ್ಟಿದ್ದರು.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪ್ಲಿಫೈಯರ್ ಮೂಲಕ ಭೂಸಂಪರ್ಕ ಹೊಂದಿರುತ್ತವೆ. ವಾದಕನ ಬೆರಳು ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ, ಎರಡರ ಭೂಸಂಪರ್ಕದಲ್ಲಿ ವ್ಯತ್ಯಾಸವಿದ್ದರೆ ವಿದ್ಯುತ್ತು ಅವನ ದೇಹದ ಮೂಲಕ ಹರಿಯುತ್ತದೆ. ಗಣೇಶೋತ್ಸವ, ರಾಜ್ಯೋತ್ಸವದ ಬಯಲು ವೇದಿಕೆಗಳಲ್ಲಿ ಜನರೇಟರ್ ಒಂದು ಕಡೆ, ಕಂಬದ ವಿದ್ಯುತ್ತು ಇನ್ನೊಂದು ಕಡೆ, ಮೇಲೆ ಮಳೆಯ ತೇವ. ಅಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. ಗುಂಯ್ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವುದು ಅಥವಾ ಎರಡು ಕಡ್ಡಿಯ ಪ್ಲಗ್ ಬಳಸುವುದು ಆತ್ಮಘಾತುಕ. ಆಂಪ್ಲಿಫೈಯರಿಗೂ ಮಿಕ್ಸರಿಗೂ ಒಂದೇ ಮೂಲದಿಂದ, ಭೂಸಂಪರ್ಕ ಪರೀಕ್ಷಿಸಿದ ಬಳಿಕವೇ ವಿದ್ಯುತ್ ಕೊಡಬೇಕು.

ಕಿವಿಯೂ ಮರಳಿ ಬಾರದು

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಕೇವಲ 15 ನಿಮಿಷ. ಮನರಂಜನಾ ಸ್ಥಳಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಪ್ರಕಟಿಸಿತು. ಪೆಟ್ಟಿಗೆಗಳನ್ನು ಪೇರಿಸುವ ಪದ್ಧತಿಗೆ ಕಾರಣರಾದವರಲ್ಲಿ ಒಬ್ಬರಾದ ಟೌನ್‌ಷೆಂಡ್ ಅವರೇ ಮುಂದೆ ಶ್ರವಣ ನಷ್ಟ ಮತ್ತು ಕಿವಿಮೊರೆತಕ್ಕೆ ಒಳಗಾದರು. ಅದನ್ನು ಬಹಿರಂಗವಾಗಿ ಹೇಳಿಕೊಂಡರು.

ನಮ್ಮಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ಸಭಾಂಗಣದಂತಹ ಮುಚ್ಚಿದ ಸ್ಥಳಗಳನ್ನು ಬಿಟ್ಟು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದವು ಆ ಪ್ರದೇಶದ ನಿಗದಿತ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಮಿಕ್ಸರಿನಿಂದ ನಿಯಂತ್ರಿಸಬಹುದಾದ ಧ್ವನಿಯನ್ನು ಈ ಮಿತಿಗೆ ತರಬಹುದು. ಪೆಟ್ಟಿಗೆಯಿಂದ ನೇರವಾಗಿ ಚಿಮ್ಮುವ ಧ್ವನಿ ಯಾವ ತಂತ್ರಜ್ಞನ ಕೈಗೂ ಸಿಗುವುದಿಲ್ಲ.

ತಂತ್ರಜ್ಞಾನ ಈಗ ಪೆಟ್ಟಿಗೆಯೇ ಇಲ್ಲದ ದಾರಿಯನ್ನೂ ತೋರಿಸಿದೆ. ಆಂಪ್ಲಿಫೈಯರ್, ಸ್ಪೀಕರ್, ಮೈಕ್ ಮೂರರ ಗುಣವನ್ನೂ ಅನುಕರಿಸುವ ಡಿಜಿಟಲ್ ಉಪಕರಣಗಳು ಬಂದಿವೆ. ವಾದಕ ಕಿವಿಯೊಳಗಿನ ಪುಟ್ಟ ಸ್ಪೀಕರಿನಲ್ಲಿ ತನ್ನ ನಾದವನ್ನು ಕೇಳಿಕೊಳ್ಳುತ್ತಾನೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನವನ್ನು ನಡುಗಿಸಿದ ಮೆಟಾಲಿಕಾ ತಂಡವೇ 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದಲ್ಲಿ ಹಾಡಿದಾಗ, ಅಲ್ಲಿನ ನಾಜೂಕಾದ ಪರಿಸರಕ್ಕೆ ಧಕ್ಕೆಯಾಗದಿರಲೆಂದು ಧ್ವನಿವರ್ಧಕಗಳನ್ನೇ ಬಳಸಲಿಲ್ಲ. ಕೇಳುಗರೆಲ್ಲ ಹೆಡ್‌ಫೋನ್ ಧರಿಸಿದ್ದರು.

ಆದರೂ ಬೆನ್ನ ಹಿಂದೆ ಪೆಟ್ಟಿಗೆಯ ಗಾಳಿ ಬಡಿಯದೆ ನುಡಿಸಲು ಮನಸ್ಸೊಪ್ಪದ ವಾದಕರು ಬಹಳ ಮಂದಿ. ಅವರ ಪ್ರೀತಿಗೆ ಯಾರ ಆಕ್ಷೇಪವೂ ಇರಬೇಕಿಲ್ಲ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಬಂದು ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಮೈಕನ್ನು ಒಂದಂಗುಲ ಅತ್ತಿತ್ತ ಸರಿಸಿ, ಗುಂಡಿಯನ್ನು ಒಂದೆರಡು ಅಂಕೆ ಇಳಿಸಿದರೆ ಸಾಕು. ಗಿಟಾರ್ ಗುಡುಗುತ್ತದೆ, ಗಾಯಕನ ಸಾಹಿತ್ಯ ಕೊನೆಯ ಸಾಲಿನವರೆಗೂ ತಲುಪುತ್ತದೆ.